ಅರ್ಧಕ್ಕೆ ಇಳಿಸಿದ ನೀರು

"ಮಗುವಿನ ರಕ್ತದಲ್ಲಿ ಸೀಸ ಸೇರಿದೆ," ಎಂದರು ಡಾಕ್ಟರು. "ಮಾತು ಬರದೇ ಇರೋದು ಅದಕ್ಕೇ. ನಿಮ್ಮದು ಹಳೇ ಮನೆ, ನಲ್ಲಿ ಪೈಪು ಸೀಸದ್ದು."

"ಅವನಿಗೆ ನಲ್ಲಿ ನೀರು ಹಾಗೇ ಕೊಡಲ್ಲ ಡಾಕ್ಟ್ರೇ," ಎಂದಳು ತಾಯಿ. "ನಮ್ಮತ್ತೆ ಚೆನ್ನಾಗಿ ಕುದಿಸಿ, ಅರ್ಧಕ್ಕೆ ಇಳಿಸಿ, ತಾವೇ ಕುಡಿಸ್ತಾರೆ. ಆ ಪಾತ್ರೆ ನಾನು ಮುಟ್ಟೋದೂ ಇಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು.

"ಕುದಿಸಿದ್ರೆ ಕ್ರಿಮಿ ಸಾಯುತ್ತಮ್ಮ, ಸೀಸ ಹೋಗಲ್ಲ. ನೀರು ಆವಿಯಾಗಿ ಹೋಗುತ್ತೆ, ಅದು ಪಾತ್ರೆಯಲ್ಲೇ ಉಳಿಯುತ್ತೆ. ಅರ್ಧಕ್ಕೆ ಇಳಿಸಿದ್ರೆ ಲೋಟದಲ್ಲಿ ಸೀಸ ಎರಡು ಪಟ್ಟು."

ಹೊರಗೆ ಬೆಂಚಿನ ಮೇಲೆ ಅತ್ತೆ, ನಿದ್ದೆ ಹೋದ ಮೊಮ್ಮಗನಿಗೆ ಸೆರಗು ಹೊದಿಸಿಕೊಂಡು ಕೂತಿದ್ದರು.

"ಡಾಕ್ಟ್ರು ಏನಂದ್ರು?"

"ಪೈಪಲ್ಲಿ ಸೀಸ ಇದೆಯಂತೆ ಅತ್ತೆ. ಅದೇ ಇವನ ಮೈಗೆ ಸೇರಿರೋದು. ಪೈಪು ಬದಲಾಯಿಸೋವರೆಗೂ ಕ್ಯಾನ್ ನೀರೇ ಕೊಡಬೇಕಂತೆ."

"ಕುದಿಸದೆ ಒಂದು ತೊಟ್ಟೂ ಕೊಟ್ಟಿಲ್ಲ ಕಣೇ ನಾನು. ಸ್ಟವ್ ಮುಂದೆ ನಿಂತೇ ಇಳಿಸಿದೀನಿ." ಅತ್ತೆ ಮೊಮ್ಮಗನ ಮುಖ ನೋಡಿದರು. "ಮತ್ತೆ ಹೇಗೆ ಸೇರ್ತು?"

ಸೊಸೆ ಮಗುವನ್ನು ಎತ್ತಿಕೊಂಡಳು.

"ನನ್ನಿಂದಲೇ ಅತ್ತೆ. ನೀವು ಮಲಗಿದ್ದಾಗ ನಾನು ನಲ್ಲಿಯಿಂದ ಹಾಗೇ ಹಿಡಿದು ಕುಡಿಸ್ತಿದ್ದೆ."