ಬಾಸ್ಟನ್ನಿನ ಚಹಾ

ಅಮೆರಿಕದಲ್ಲಿ ಬೆಳಗಿನ ಶಾಲೆ ಶುರುವಾಗುವ ಹೊತ್ತಿಗೇ ಧಾರವಾಡದಲ್ಲಿ ಮಾವನವರಿಗೆ ಸಂಜೆಯ ಚಹಾ ನೆನಪಾಗುತ್ತಿತ್ತು. ಅವರು ಇಂಗ್ಲಿಷ್ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಸೊಸೆ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು, ಅಲ್ಲಿನ ಏಳನೆಯ ತರಗತಿಯ ಮಕ್ಕಳಿಗೆ ಅವರದೇ ದೇಶದ ಇತಿಹಾಸವನ್ನು ಇಂಗ್ಲಿಷಿನಲ್ಲಿ ಕಲಿಸುತ್ತಿದ್ದಳು.

"ಬಾಸ್ಟನ್ ಜನರನ್ನು ಒಂದು ಮಾತೂ ಕೇಳದೆ ಇಂಗ್ಲೆಂಡ್ ಚಹಾದ ಮೇಲೆ ತೆರಿಗೆ ಹಾಕಿತು. ಆಗ ಅವರು..."

"ನಾಗವೇಣಿ, ಚಾ!" ಪಡಸಾಲೆಯಿಂದ ಕೂಗು ಬಂತು.

ಮೈಕು ತೆರೆದೇ ಇತ್ತು. "ಮಿಸ್, ಅದು ಯಾರು?" ಎಂದಳು ಒಬ್ಬ ಹುಡುಗಿ.

"ನಮ್ಮ ಮಾವ. ಚಹಾ ಬೇಕಂತೆ."

"ಕ್ಲಾಸು ನಡೆಯುತ್ತಿದೆ ಅಂತ ಅವರಿಗೆ ಗೊತ್ತಿಲ್ಲವೇ?"

"ಗೊತ್ತು. ದಿನಾ ಹೇಳುತ್ತೇನೆ."

"ಹಾಗಾದರೆ ಅವರೇ ಇಂಗ್ಲೆಂಡ್, ಮಿಸ್!" ಮಕ್ಕಳೆಲ್ಲ ನಕ್ಕರು.

"ನಾಗವೇಣಿ! ಎಷ್ಟ ಹೊತ್ತವಾ?"

ಸೊಸೆಗೆ ರೇಗಿತು. "ಬರೆದುಕೊಳ್ಳಿ ಮಕ್ಕಳೇ," ಎಂದು ಪಡಸಾಲೆಗೂ ಕೇಳುವಂತೆ ದನಿ ಏರಿಸಿದಳು. "ಬಾಸ್ಟನ್ ಜನ ಮೊದಲು ವಿನಂತಿಸಿಕೊಂಡರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಹಡಗು ಹತ್ತಿ, ಪೆಟ್ಟಿಗೆ ಒಡೆದು, ಇದ್ದಬದ್ದ ಚಹಾವನ್ನೆಲ್ಲ ಸಮುದ್ರಕ್ಕೆ ಸುರಿದರು!"

ಕೂಗು ನಿಂತಿತು.

ಕ್ಲಾಸು ಮುಗಿಸಿ ಅಳುಕುತ್ತಲೇ ಹೊರಗೆ ಬಂದರೆ, ಮೇಜಿನ ಮೇಲೆ ಎರಡು ಕಪ್ಪುಗಳಲ್ಲಿ ಚಹಾ ಹಬೆಯಾಡುತ್ತಿತ್ತು. ಮಾವನವರು ಚಹಾಪುಡಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಹಿಡಿದು ಕೂತಿದ್ದರು.

"ನಾನ ಮಾಡೀನಿ, ಕುಡಿಯವಾ. ಡಬ್ಬಿ ಮಾತ್ರ ನನ್ನ ಹತ್ರನ ಇರಲಿ. ಧಾರವಾಡಕ್ಕ ಸಮುದ್ರ ಇಲ್ಲ ಖರೆ, ಮನ್ಯಾಗ ಬಚ್ಚಲ ಐತಲ್ಲ!"