ಹುಲ್ಲು ಮಷಿನ್ನಿನ ಸೀಟು

"ಇದಕ್ಕೆ ಹಾರನ್ ಇಲ್ವಾ?" ಎಂದು ಕೇಳಿದ ದೊಡ್ಡರಂಗಯ್ಯ, ಕೂತು ಓಡಿಸುವ ಹುಲ್ಲು ಕತ್ತರಿಸುವ ಮಷಿನ್ನಿನ ಮೇಲಿಂದ ಇಳಿಯದೆಯೇ.

ತುಮಕೂರಿನ ಆ ಅಂಗಡಿಯ ಸೇಲ್ಸ್‌ಮನ್ ಮೋಹನ್‌ಕುಮಾರ್ ಒಮ್ಮೆ ಕಣ್ಣು ಮುಚ್ಚಿ ತೆರೆದ. ಬೆಳಿಗ್ಗೆಯಿಂದ ಇದು ಐದನೆಯ ಮಷಿನ್. ಮೊದಲನೆಯದರ ಸೀಟು ಗಟ್ಟಿಯಂತೆ. ಎರಡನೆಯದರಲ್ಲಿ ಒರಗಿಕೊಳ್ಳಲು ಆಗುವುದಿಲ್ಲವಂತೆ. ಮೂರನೆಯದರ ಬಣ್ಣ ಒಪ್ಪಲಿಲ್ಲ. ನಾಲ್ಕನೆಯದಕ್ಕೆ ಏನು ಕಡಿಮೆಯಾಗಿತ್ತೋ, ಪುಣ್ಯಾತ್ಮ ಹೇಳಲೂ ಇಲ್ಲ, ಸುಮ್ಮನೆ ಮೂತಿ ಓರೆ ಮಾಡಿದ.

"ತೋಟದಲ್ಲಿ ಯಾರಿಗೆ ಹಾರನ್ ಹೊಡೀತೀರಾ ಯಜಮಾನ್ರೆ? ತೆಂಗಿನ್ಮರ ಏನ್ ಪಕ್ಕಕ್ಕೆ ಸರ್ಕೊಳ್ಳುತ್ತಾ?"

"ತೋಟದಲ್ಲೇ ಮಡಿಕ್ಕೊಂಡಿರಕ್ಕಾಗುತ್ತೇನಪ್ಪ? ಸಿ.ಎಸ್. ಪುರಕ್ಕೆ ಟೀ ಕುಡ್ಯಕ್ಕೆ ಹೋಗ್ಬೇಕಾದ್ರೆ ರೋಡ್ ಮ್ಯಾಲೆ ತಾನೆ ಬರ್ಬೇಕು!"

ಗೋಡೆ ಬದಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಸೊಂಟಕ್ಕೆ ಬೆಲ್ಟ್ ಬಿಗಿದುಕೊಂಡು ಕೂತಿದ್ದ ಹೆಂಡತಿ ಹನುಮಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಆ ಮೂರೆಕರೆ ತೋಟದ ಹುಲ್ಲನ್ನು ಮೂವತ್ತು ವರ್ಷ ಬಗ್ಗಿ ಬಗ್ಗಿ ಕೊಯ್ದವಳು ಅವಳು. ಇನ್ನೊಂದು ಸಲ ಬಗ್ಗಿದರೆ ಆಪರೇಷನ್ನೇ ಗತಿ ಎಂದು ಡಾಕ್ಟರು ಗದರಿದ ಮೇಲೆ ಹಸು ಮಾರಿದ್ದಾಯಿತು. ಈಗ ಹುಲ್ಲು ಮೊಣಕಾಲುದ್ದ ಬೆಳೆದು, ಉದುರಿದ ಕಾಯಿ ಕೂಡ ಕಣ್ಣಿಗೆ ಬೀಳುತ್ತಿಲ್ಲ. "ನಿನ್ ಸೊಂಟಕ್ಕೋಸ್ಕರಾನೇ ಕಣೇ ಈ ಮಷಿನ್ನು" ಎಂದು ಹೇಳಿಯೇ ಗಂಡ ಅವಳನ್ನು ಬಸ್ಸು ಹತ್ತಿಸಿದ್ದ. ಅಂಗಡಿಗೆ ಬಂದ ಮೇಲೆ ಆ ಸೊಂಟದ ಸುದ್ದಿಯೇ ಇಲ್ಲ.

ಮೋಹನ್‌ಕುಮಾರ್ ತಾಳ್ಮೆ ತಂದುಕೊಂಡು ಪುಸ್ತಕ ತೆಗೆದ. "ನಿಮ್ ತೋಟಕ್ಕೆ ಯಾವ್ದು ಸರಿಹೋಗುತ್ತೆ ನೋಡೋಣ. ಮರದಿಂದ ಮರಕ್ಕೆ ಎಷ್ಟಡಿ?"

"ಎಷ್ಟೋ ಇರುತ್ತೆ. ಗಾಡಿ ಹೋಗುತ್ತೆ ಬುಡು."

"ಮೂವತ್ತಡಿ" ಎಂದಳು ಹನುಮಕ್ಕ, ಕುರ್ಚಿಯಿಂದಲೇ.

"ಇಳಿಜಾರೇನಾದ್ರೂ ಇದೆಯಾ?"

"ಎಲ್ಲಾ ಸಪಾಟು" ಎಂದ ಯಜಮಾನ.

"ಬಾವಿ ಕಡೀಕೆ ಇಳಿಜಾರೈತೆ, ಮಳೆ ಬಂದ್ರೆ ಕಾಲೇ ನಿಲ್ಲಲ್ಲ. ಮೂರನೇ ಸಾಲಿಂದಾಚೆ ಡ್ರಿಪ್ ಪೈಪು ಮಣ್ಣಿನ್ ಮ್ಯಾಲೇ ಅವೆ. ಮದ್ಲು ಅವ್ನ ಎತ್ತಿಡ್ಬೇಕು."

ಮೋಹನ್‌ಕುಮಾರ್ ಕುರ್ಚಿಯ ಕಡೆ ತಿರುಗಿ ನಿಂತು ಬರೆದುಕೊಳ್ಳತೊಡಗಿದ. "ಓಡಿಸೋರು ಯಾರಮ್ಮ?"

"ಇನ್ಯಾರು, ನಾನೇ" ಎಂದ ದೊಡ್ಡರಂಗಯ್ಯ, ಸ್ಟೀರಿಂಗನ್ನು ಆ ಕಡೆ ಈ ಕಡೆ ತಿರುಗಿಸುತ್ತ. "ಅವ್ಳಿಗೇನ್ ಗೊತ್ತಾಗುತ್ತೆ ಗಾಡಿ ವಿಷ್ಯ?"

ಹನುಮಕ್ಕ ಮಷಿನ್ನಿನ ಬ್ಲೇಡಿನ ಕಡೆ ಬೆರಳು ತೋರಿಸಿದಳು. "ಮರದ ಬುಡಕ್ಕೆ ಎಷ್ಟ್ ಹತ್ರ ಹೋಗುತ್ತಪ್ಪ ಇದು?"

"ಪಾತಿ ಒಳಕ್ಕೆ ಇಳಿಯಲ್ಲ ಅಮ್ಮ, ಬ್ಲೇಡ್ ಹಾಳಾಗುತ್ತೆ. ಬುಡದ ಸುತ್ತ ಇರೋದನ್ನ ಕೈಯಲ್ಲೇ ಕೊಯ್ಕೋಬೇಕು."

"ನೂರಾ ನಲ್ವತ್ತು ಮರ ಅವೆ. ಅದುನ್ನ ಯಾರು ಕೊಯ್ಯೋದು?"

"ಅದೇನ್ ಮಹಾ ಕೆಲ್ಸ" ಎಂದ ದೊಡ್ಡರಂಗಯ್ಯ ಸೀಟಿಗೆ ಒರಗಿ. "ನೀನು ದಿನಾ ನಾಕ್ ನಾಕ್ ಪಾತಿ ನಿಧಾನುಕ್ಕೆ ಕೊಯ್ಕಂಡ್ರಾಯ್ತು ಕಣೇ. ನಿನ್ನ ಓಡುಸ್ಕೊಂಡ್ ಬರೋರು ಯಾರವ್ರೆ?"

ಹನುಮಕ್ಕ ಸೊಂಟ ಹಿಡಿದುಕೊಂಡು ಎದ್ದಳು.

"ಇಳೀರಿ ಕೆಳಕ್ಕೆ."

"ಯಾಕೇ?"

"ಇಳೀರಿ ಅಂದ್ನಲ್ಲ."

ಆ ದನಿಯನ್ನು ದೊಡ್ಡರಂಗಯ್ಯ ಮದುವೆಯಾದಾಗಿನಿಂದ ಎರಡೋ ಮೂರೋ ಸಲ ಕೇಳಿದ್ದ, ಅಷ್ಟೆ. ತೆಪ್ಪಗೆ ಇಳಿದ. ಹನುಮಕ್ಕ ಸೀರೆ ಎತ್ತಿ ಸಿಕ್ಕಿಸಿ, ಕಂಬಿ ಹಿಡಿದು ಮೇಲೆ ಹತ್ತಿ ಕೂತಳು. ಕಾಲು ಪೆಡಲಿಗೆ ಎಟುಕಲಿಲ್ಲ. ಹವಾಯಿ ಚಪ್ಪಲಿ ಗಾಳಿಯಲ್ಲಿ ಜೋತಾಡಿತು.

"ನೋಡ್ದಾ?" ಎಂದು ನಕ್ಕ ದೊಡ್ಡರಂಗಯ್ಯ. "ಹೆಂಗಸ್ರಿಗಲ್ಲ ಕಣೇ ಇದು."

ಮೋಹನ್‌ಕುಮಾರ್ ಬಗ್ಗಿ, ಸೀಟಿನ ಕೆಳಗಿದ್ದ ಹಿಡಿಯನ್ನು ಎಳೆದ. ಸೀಟು ಸರ್ರನೆ ಮುಂದಕ್ಕೆ ಬಂದು, ಪಾದ ಪೆಡಲಿನ ಮೇಲೆ ಊರಿ ನಿಂತಿತು. "ಸ್ಪ್ರಿಂಗ್ ಸೀಟು, ಕುಲುಕಲ್ಲ. ಸೊಂಟಕ್ಕೆ ಹೆಂಗಿದೆ ಅಮ್ಮ?" ಎಂದ. ಬೆಳಿಗ್ಗೆಯಿಂದ ಆ ಮಾತು ಕೇಳಿದವನು ಅವನೊಬ್ಬನೇ.

"ಚೆನ್ನಾಗೈತೆ ಕಣಪ್ಪ. ಇದೇ ಇರ್ಲಿ. ಹಾರನ್ ಗೀರನ್ ಏನೂ ಬ್ಯಾಡ." ಹನುಮಕ್ಕ ಕೌಂಟರಿನ ಹಿಂದೆ ಸಾಲಾಗಿ ತೂಗುಹಾಕಿದ್ದ ಕುಡುಗೋಲುಗಳ ಕಡೆ ಕೈ ತೋರಿಸಿದಳು. "ಅಂಗೇ ಅಲ್ಲೊಂದ್ ನಾಕೈದು ಕುಡ್ಲು ತೆಗ್ದು ಇವ್ರ ಕೈಗೆ ಕೊಡು. ಯಾವುದ್ರ ಹಿಡಿ ಕೈಗೆ ಸರ್ಯಾಗ್ ಕೂರುತ್ತೋ, ನಿಧಾನುಕ್ಕೆ ನೋಡಿ ಆರುಸ್ಕೊಳ್ಲಿ."