ಬೆಟ್ಟದ ತುದಿಯ ಬೀಗ



ಚೀನಾದಲ್ಲಿ ತಾವೋ ಪಂಥದವರು ಪೂಜಿಸುವ ಬೆಟ್ಟವದು. ಮೆಟ್ಟಿಲ ಮೇಲೆ ಹಿಮ ಹೆಪ್ಪುಗಟ್ಟಿತ್ತು. ಯುಗಾದಿ ಕಳೆದ ಮೇಲೆ ನನ್ನನ್ನು ಮದುವೆಯಾಗಲಿರುವವರು ಮುಂದೆ, ಅವರ ಅಕ್ಕ ಹಿಂದೆ, ನಡುವೆ ಕಾಲು ಸೋತ ನಾನು. ಈ ಮದುವೆ ಬೇಡ ಎನ್ನಲು ಊರಲ್ಲೂ ಬಾಯಿ ಬಂದಿರಲಿಲ್ಲ.

"ಇನ್ನೊಂದೇ ತಿರುವು, ಬಾರೆ," ಎಂದು ಅವರು ಪ್ರತಿ ತಿರುವಿನಲ್ಲೂ ಹೇಳುತ್ತಿದ್ದರು.

"ಬಾಯಿ ಬಿಟ್ರೆ ಮುತ್ತು ಉದುರಿಹೋಗುತ್ತೇನೋ ಇವಳಿಗೆ!" ಎಂದು ಅಕ್ಕ ನಕ್ಕರು.

ತುದಿಯಲ್ಲಿ, ಕಂದಕದ ಅಂಚಿನ ಸರಪಳಿಯ ತುಂಬ ಬೀಗಗಳು. ಜೋಡಿಗಳು ಹೆಸರು ಕೆತ್ತಿಸಿ ಬೀಗ ಹಾಕಿ, ಕೀಲಿಯನ್ನು ಕೆಳಗೆ ಎಸೆಯುವುದು ಅಲ್ಲಿನ ರೂಢಿ. ಆಮೇಲೆ ಆ ನಂಟು ಬಿಡುವುದಿಲ್ಲವಂತೆ. ಅವರು ನಮ್ಮ ಬೀಗ ಹಾಕಿ ಕೀಲಿಯನ್ನು ನನ್ನ ಕೈಗಿಟ್ಟರು.

"ನೀನೇ ಎಸಿ."

ಕೋಟಿನ ಜೇಬಿನಲ್ಲಿ ಕೈ ಬೆಚ್ಚಗೆ ಮಾಡಿಕೊಂಡು ಎಸೆದೆ. ಬಂಡೆಗೆ ತಾಗಿದ ಸದ್ದು ಸಣ್ಣಗೆ ಕೇಳಿಸಿತು.

"ಮುಗೀತು! ಇನ್ನು ತಪ್ಪಿಸ್ಕೊಳ್ಳೋಕಾಗಲ್ಲ ನೋಡು," ಎನ್ನುತ್ತ ಅವರು ಫೋಟೋ ತೆಗೆದರು.

ನಾನು ಜೇಬಿನಿಂದ ಮುಷ್ಟಿ ಹೊರತೆಗೆದು ಬಿಚ್ಚಿದೆ.

"ಎಸೆದಿದ್ದು ನನ್ನ ಸೂಟ್‌ಕೇಸಿನ ಕೀಲಿ. ಇದನ್ನ ಎಸೆಯೋಕೆ ನನ್ನ ಕೈಲಿ ಆಗ್ಲಿಲ್ಲ."